ಬ್ರೆಡ್ಡು ಸುಟ್ಟವರ ಮನೆಹೆಸರು

ವಿತಾಂತೋನಿಯೊ ಬ್ರುಚಾಪಾನೆ ತನ್ನ ಮನೆಹೆಸರನ್ನೇ ಬದಲಿಸಲು ಹೊರಟಿದ್ದಾನೆ ಎಂಬ ಸುದ್ದಿ ಮೊಂತೆಸಿಕ್ಕೊ ಊರಿಗೆಲ್ಲ ಹರಡಿ, ಹಳತಾಗಿ, ಕೊನೆಗೆ ಅವನ ಹೆಂಡತಿಗೆ ತಲುಪಿತು. ತಲುಪಿಸಿದವಳು ದೊನ್ನ ತಿಯೊದೋರಾ. ದಿನಾ ಬೆಳಗ್ಗೆ ಬೇಕರಿಗೆ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕಡೆಗೆ ಹೋಗುವ ಗಿರಾಕಿ ಅವಳು.

"ಇನ್ನು ಮೇಲೆ ನಿಮ್ಮ ಬೇಕರೀನ ಏನಂತ ಕರೀಬೇಕಮ್ಮ, ಲುಕ್ರೆಜಿಯಾ?" ಎಂದು ಕೇಳಿದಳು ಅವಳು, ಬ್ರೆಡ್ಡಿನ ತಳವನ್ನು ಬೆರಳಿನಿಂದ ತಟ್ಟಿ ನೋಡುತ್ತ.

"ಇಷ್ಟು ದಿನ ಏನಂತ ಕರೀತಿದ್ರೋ ಹಾಗೇ ಕರೀರಿ."

"ಅಂದ್ರೆ ನಿಂಗೆ ಗೊತ್ತಿಲ್ಲ." ತಿಯೊದೋರಾಳ ಮುಖದಲ್ಲಿ ಸಂತೋಷ ನಿಧಾನವಾಗಿ ಅರಳಿತು. ವಾರವಿಡೀ ಅವಳಿಗೆ ಅಂಥದ್ದು ಸಿಕ್ಕಿರಲಿಲ್ಲ. "ಪುರಸಭೆ ಬೋರ್ಡಲ್ಲಿ ಅಂಟಿಸಿದಾರೆ. ನಿನ್ನ ಗಂಡ ಇನ್ನು ಮೇಲೆ ಪಾನೆದೋರೊ ಅಂತೆ. ಚಿನ್ನದ ಬ್ರೆಡ್ಡು! ನಮಗೇನು, ಚಿನ್ನದ ರೇಟು ಹಾಕದೆ ಇದ್ರೆ ಸಾಕು."

ಲುಕ್ರೆಜಿಯಾ ಕೈಯ ಹಿಟ್ಟನ್ನೂ ಒರೆಸಿಕೊಳ್ಳದೆ ಚೌಕಕ್ಕೆ ನಡೆದಳು. ಪುರಸಭೆಯ ಗೋಡೆಯ ಮೇಲೆ, ಸತ್ತವರ ಪ್ರಕಟಣೆಗಳ ಪಕ್ಕದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ನೋಟಿಸು ಇತ್ತು. ಎದುರಿಗೆ ಮೂವರು ಮುದುಕರು ಟೋಪಿ ತೆಗೆದು ನಿಂತು ಓದುತ್ತಿದ್ದರು. ಅವಳನ್ನು ಕಂಡು ದಾರಿ ಬಿಟ್ಟರು, ವಿಧವೆಗೆ ಬಿಡುವ ಹಾಗೆ. ಇಂಥವನು ಇಂಥ ಮನೆಹೆಸರನ್ನು ಬಿಟ್ಟು ಇಂಥದ್ದನ್ನು ಇಟ್ಟುಕೊಳ್ಳಲು ಜಿಲ್ಲೆಯ ಮುಖ್ಯಾಧಿಕಾರಿ ಪ್ರಿಫೆಕ್ಟರನ್ನು ಕೇಳಿಕೊಂಡಿದ್ದಾನೆ. ಇದರಿಂದ ತನಗೆ ಬಾಧೆ ಇದೆ ಎನ್ನುವವರು ಮೂವತ್ತು ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು ಎಂದಿತ್ತು.

ಬ್ರುಚಾಪಾನೆ ಎಂದರೆ ಬ್ರೆಡ್ಡು ಸುಡುವವ. ಆ ಹೆಸರಿನವನು ಬೇಕರಿ ಇಡುವುದೆಂದರೆ ಈಜು ಕಲಿಸುವವನಿಗೆ ಮುಳುಗಪ್ಪ ಎಂದು ಹೆಸರಿದ್ದ ಹಾಗೆ. ಆದರೆ ಮೊಂತೆಸಿಕ್ಕೊದಲ್ಲಿ ಯಾರೂ ಆ ಹೆಸರನ್ನು ಕೇಳಿ ನಕ್ಕು ಎಷ್ಟೋ ತಲೆಮಾರಾಗಿತ್ತು. ಮೂಗನ್ನು ನೋಡಿ ಯಾರೂ ನಗುವುದಿಲ್ಲವಲ್ಲ, ಹಾಗೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಲುಕ್ರೆಜಿಯಾ ಕಡಲೆ ಹಾಕಿದ ಪಾಸ್ತಾವನ್ನು ಗಂಡನ ತಟ್ಟೆಗೆ ಬಡಿಸಿ, ಸೌಟನ್ನು ಕೈಯಲ್ಲೇ ಹಿಡಿದು ನಿಂತಳು.

"ಸಿನ್ಯೋರ್ ಪಾನೆದೋರೊ ಅವರಿಗೆ ಚೀಸ್ ಹಾಕಲಾ?"

ವಿತಾಂತೋನಿಯೊ ಚಮಚ ಕೆಳಗಿಟ್ಟ. ಮೇಜಿನ ಆ ತುದಿಯಲ್ಲಿ ಅವನ ತಾಯಿ ಪಾಲ್ಮಾ ಊಟ ಮಾಡುತ್ತಿದ್ದಳು. ಎಂಬತ್ತು ದಾಟಿದ ಪಾಲ್ಮಾಗೆ ಕಿವಿ ಕೇಳುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಯಾವಾಗ ಕೇಳುವುದಿಲ್ಲ ಎಂಬುದು ಮಾತ್ರ ಅವಳ ಇಷ್ಟಕ್ಕೆ ಬಿಟ್ಟದ್ದಾಗಿತ್ತು.

"ಹೇಳಬೇಕು ಅಂತಿದ್ದೆ," ಎಂದ ಅವನು.

"ಯಾವಾಗ? ಬೋರ್ಡು ಬರೆಸಿದ ಮೇಲಾ?"

"ನೋಡು ಲುಕ್ರೆ, ಸಂಘದ ಊಟದಲ್ಲಿ ಏನಾಯ್ತು ಅಂತ ನಿಂಗೆ ಗೊತ್ತಿಲ್ಲ. ಜಿಲ್ಲೆಯ ಬೇಕರಿಯವರೆಲ್ಲ ಇದ್ರು. ಅಧ್ಯಕ್ಷ ಸ್ಥಾನಕ್ಕೆ ನನ್ನ ಹೆಸರು ಸೂಚಿಸಿದ್ರು. ಆಗ ಅದೇ ಸ್ಥಾನಕ್ಕೆ ಆಸೆಪಟ್ಟಿರೋ ಲತ್ತಾರೂಲೊ ಎದ್ದು ನಿಂತ, ಲೋಟ ಬೇರೆ ಎತ್ತಿ ಹಿಡಿದು. ಬೆಂಕಿ ಆರಿಸೋರ ದಳಕ್ಕೆ ಬೆಂಕಿಪೊಟ್ಟಣದೋನನ್ನ ಯಜಮಾನ ಮಾಡ್ತಿದೀವಾ ಅಂದ. ಎಲ್ಲರೂ ನಕ್ರು. ಮಾಣಿಗಳೂ ನಕ್ರು."

"ನೀನೂ ನಗಬೇಕಿತ್ತು."

"ನಕ್ಕೆ. ಅದೇ ಸಿಟ್ಟು ನಂಗೆ." ಅವನು ತಟ್ಟೆ ನೋಡುತ್ತ ಹೇಳಿದ: "ಪಟ್ಟಣದ ಶಾಲೇಲಿ ಹಾಜರಿ ಕರೆಯೋವಾಗ ಮೇಷ್ಟ್ರು ನನ್ನ ಹೆಸರು ಕೂಗಿ ಒಂದು ಗಳಿಗೆ ನಿಲ್ಲಿಸ್ತಿದ್ರು, ಮಕ್ಕಳು ನಗಲಿ ಅಂತ. ಅರವತ್ತಾಯ್ತು. ಇನ್ನೂ ಯಾರಾದ್ರೂ ನನ್ನ ಹೆಸರು ಓದಿದ್ರೆ ಆ ನಗು ಬರುತ್ತೆ ಅಂತ ಕಾಯ್ತಾ ಇರ್ತೀನಿ."

ಲುಕ್ರೆಜಿಯಾಳಿಗೆ ಒಂದು ಕ್ಷಣ ಪಾಪ ಅನಿಸಿತು. ಅಷ್ಟರಲ್ಲಿ ಅವನು ಒಂದು ಮಾತು ಸೇರಿಸಿದ. ಸೇರಿಸದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

"ಅಷ್ಟಕ್ಕೂ ನಿನಗೇನು? ನೀನು ಸಪೊನಾರೊ. ಇದು ನಿನ್ನ ಹೆಸರಲ್ಲವಲ್ಲ."

ಅದು ನಿಜವೇ. ಅಲ್ಲಿಯ ಹೆಂಗಸರು ಮದುವೆಯಾದರೂ ಅಪ್ಪನ ಮನೆಹೆಸರಿನಲ್ಲೇ ಬದುಕಿ ಅದರಲ್ಲೇ ಸಾಯುತ್ತಾರೆ. ಬಾಗಿಲ ಗಂಟೆಯ ಪಕ್ಕದಲ್ಲಿ ಎರಡು ಹೆಸರಿದ್ದವು, ಮೇಲೆ ಬ್ರುಚಾಪಾನೆ, ಕೆಳಗೆ ಸಪೊನಾರೊ, ಬಾಡಿಗೆಗೆ ಇದ್ದವಳ ಹಾಗೆ. ಮಗಳು ಮಾರಿಲೇನಾ ಕೂಡ ಬ್ರುಚಾಪಾನೆಯೇ. ಬಾರಿ ಪಟ್ಟಣದಲ್ಲಿ ಶಾಲೆಯ ಟೀಚರಾಗಿದ್ದ ಅವಳಿಗೆ ಫೋನು ಮಾಡಿದರೆ, "ಅಪ್ಪ ಏನು ಬೇಕಾದ್ರೂ ಆಗ್ಲಿ, ನಾನು ಇದನ್ನ ಬಿಡಲ್ಲ. ಈ ಹೆಸರು ಕೇಳಿದ್ರೇನೇ ಮಕ್ಕಳು ಹೋಂವರ್ಕ್ ಮಾಡ್ಕೊಂಡು ಬರ್ತಾರೆ," ಎಂದು ನಕ್ಕಳು.

ಅಂದರೆ ಮನೆಯಲ್ಲಿ ಆ ಹೆಸರಿಲ್ಲದವರು ಇಬ್ಬರೇ, ಅತ್ತೆ ಮತ್ತು ಸೊಸೆ. ಆ ಹೆಸರಿನ ಭಟ್ಟಿಯ ಮುಂದೆ ನಿಂತವರೂ ಅವರಿಬ್ಬರೇ. ವಿತಾಂತೋನಿಯೊ ಗಲ್ಲಾದ ಹಿಂದೆ ಚೆನ್ನಾಗಿ ಕಾಣುತ್ತಿದ್ದ, ಸಂಘದ ಸಭೆಗಳಲ್ಲಿ ಇನ್ನೂ ಚೆನ್ನಾಗಿ. ಹಿಟ್ಟು ನಾದುವುದು, ಹುಳಿಹಿಟ್ಟನ್ನು ಮಗುವಿನಂತೆ ಕಾಯುವುದು, ಉದ್ದ ಹಿಡಿಯ ಹಲಗೆಯಿಂದ ಬ್ರೆಡ್ಡನ್ನು ಭಟ್ಟಿಯೊಳಗೆ ತಳ್ಳಿ ಎಳೆಯುವುದು ಲುಕ್ರೆಜಿಯಾಳ ಪಾಲು.

ಮದುವೆಯಾಗಿ ಬಂದ ಹೊಸತರಲ್ಲಿ ಊರ ಹೆಂಗಸರು ಬೇಕರಿಯ ಬಾಗಿಲಲ್ಲಿ ನಿಂತು, ಮೂಗು ಅರಳಿಸಿ, ವಾಸನೆ ಹಿಡಿದು, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹೊಸ ಸೊಸೆ ಯಾವತ್ತು ಸುಡುತ್ತಾಳೋ ನೋಡೋಣ ಎಂದು. ಆಗಲೇ ಅವಳು ತೀರ್ಮಾನಿಸಿದ್ದಳು: ಈ ಹೆಸರಿನ ಮನೆಯಲ್ಲಿ ನನ್ನ ಕೈಯಿಂದ ಒಂದೇ ಒಂದು ಬ್ರೆಡ್ಡೂ ಸುಡಕೂಡದು. ಸುಡಲಿಲ್ಲ. ಜ್ವರ ಬಂದಾಗಲೂ ಇಲ್ಲ, ಮಾರಿಲೇನಾ ಹುಟ್ಟುವ ನೋವು ಶುರುವಾದಾಗಲೂ ಇಲ್ಲ. ಆ ದಿನ ಒಂದು ಸಾಲು ಬ್ರೆಡ್ಡು ಹೊರಗೆ ತೆಗೆದಿಟ್ಟ ಮೇಲೆಯೇ ಅವಳು ಕಾರು ಹತ್ತಿದ್ದು. ಮೂವತ್ತಕ್ಕೂ ಹೆಚ್ಚು ವರ್ಷ ಒಂದು ಹೆಸರಿನ ಮಾನ ಕಾದ ಮೇಲೆ, ಇದು ನಿನ್ನದಲ್ಲವಲ್ಲ ಅನ್ನಿಸಿಕೊಂಡಿದ್ದಳು.

ಆ ಹೆಸರು ಹೇಗೆ ಬಂತು ಎಂಬುದಕ್ಕೆ ಎರಡು ಕಥೆಗಳಿದ್ದವು. ಮನೆಯ ಗಂಡಸರ ಕಥೆಯಲ್ಲಿ, ಪರದೇಶದ ಸೈನಿಕರು ಊರಿಗೆ ನುಗ್ಗಿದಾಗ ಮೂಲಪುರುಷನು ಅವರಿಗೆ ತುತ್ತು ಸಿಗದಿರಲೆಂದು ಇಡೀ ಊರಿನ ಬ್ರೆಡ್ಡನ್ನು ತಾನೇ ಬೆಂಕಿಗೆ ಕೊಟ್ಟ. ವಿತಾಂತೋನಿಯೊ ಇದನ್ನು ಹೇಳುವಾಗ ಎದೆ ಮುಂದೆ ಬರುತ್ತಿತ್ತು. ಊರಿನವರ ಕಥೆಯಲ್ಲಿ ಸೈನಿಕರಿರಲಿಲ್ಲ, ಗಿರಣಿಯವನ ಹೆಂಡತಿ ಇದ್ದಳು. ಎಲ್ಲ ಮನೆಯ ಹಿಟ್ಟೂ ಊರ ಒಂದೇ ಭಟ್ಟಿಗೆ ಬರುತ್ತಿದ್ದ ಕಾಲ. ಈಸ್ಟರಿನ ಬ್ರೆಡ್ಡು ಒಳಗಿಟ್ಟು ಭಟ್ಟಿಯವ ಆ ಹೆಂಗಸಿನ ಜೊತೆ ಎಲ್ಲಿಗೋ ಹೋದ, ಬರುವಷ್ಟರಲ್ಲಿ ಊರಿನ ಹಬ್ಬ ಇದ್ದಲಾಗಿತ್ತು. ಅದಕ್ಕೇ ಬ್ರುಚಾಪಾನೆ ಮನೆಯವರು ಪ್ರತಿ ವರ್ಷ ಈಸ್ಟರಿಗೆ ಮುಂಚಿನ ಶನಿವಾರ ಪ್ರತಿ ಮನೆಗೂ ಒಂದೊಂದು ಬ್ರೆಡ್ಡನ್ನು ಬಿಟ್ಟಿ ಕೊಡಬೇಕು, ತಳವನ್ನು ಬೇಕೆಂದೇ ಸ್ವಲ್ಪ ಕಪ್ಪಗೆ ಮಾಡಿ. ತಪ್ಪೊಪ್ಪಿಗೆಯ ಬ್ರೆಡ್ಡು ಅದು. ಅದೊಂದನ್ನು ಮಾತ್ರ ಅತ್ತೆ ಪಾಲ್ಮಾ ಇವತ್ತಿಗೂ ತಾನೇ ಸುಡುತ್ತಿದ್ದಳು; ಸೊಸೆಯ ಕೈ ಅದಕ್ಕೂ ಏಳುತ್ತಿರಲಿಲ್ಲ.

ನೋಟಿಸು ಓದಿದ ಊರಿಗೆ ಮೊದಲು ನೆನಪಾದದ್ದು ಈ ಬಿಟ್ಟಿ ಬ್ರೆಡ್ಡು. ಹೆಸರು ಹೋದರೆ ತಪ್ಪೂ ಹೋಯಿತು, ತಪ್ಪು ಹೋದರೆ ಬ್ರೆಡ್ಡೂ ಹೋಯಿತು. ಆಕ್ಷೇಪಣೆಗಳು ಪುರಸಭೆಯ ಗುಮಾಸ್ತ ಕತಾಲ್ದೊನ ಮೇಜಿನ ಮೇಲೆ ಬಂದು ಬೀಳತೊಡಗಿದವು. ಎಲ್ಲರೂ ತಮ್ಮ ಪೂರ್ವಿಕರಿಗೇ ಹೆಚ್ಚು ಅನ್ಯಾಯವಾಗಿದೆ ಎಂದು ಸಾಧಿಸುತ್ತಿದ್ದರು.

"ನಮ್ಮದೇ ಎಲ್ಲಕ್ಕಿಂತ ದೊಡ್ಡ ಬ್ರೆಡ್ಡು ಸುಟ್ಟಿದ್ದು," ಎಂದು ತಿಯೊದೋರಾ ಬೇಕರಿಯಲ್ಲೇ ಸಾರಿದಳು. "ನಮ್ಮನೇಲಿ ಹನ್ನೊಂದು ಜನ ಇದ್ರಂತೆ ಆಗ."

"ನಿಮ್ಮನೇಲಿ ಆಗ ಹಿಟ್ಟೇ ಇರಲಿಲ್ಲ," ಎಂದಿತು ಸಾಲಿನ ಹಿಂದಿನಿಂದ ಒಂದು ದನಿ. "ನಮ್ಮನೆಯಿಂದ ಕಡ ತಗೊಂಡಿದ್ರಿ. ಸುಟ್ಟಿದ್ದು ನಮ್ಮ ಬ್ರೆಡ್ಡು, ಅತ್ತಿದ್ದು ಮಾತ್ರ ನಿಮ್ಮಜ್ಜಿ."

ಲುಕ್ರೆಜಿಯಾ ಯಾರಿಗೂ ಹೇಳದೆ ಕತಾಲ್ದೊನ ಹತ್ತಿರ ಹೋದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು.

"ನೀನೂ ಆಕ್ಷೇಪಣೆನಾ?" ಎಂದು ಅವನು ಕನ್ನಡಕದ ಮೇಲಿಂದ ನೋಡಿದ. "ಗಂಡನ ಮೇಲೆ?"

"ಗಂಡನ ಮೇಲಲ್ಲ. ನೋಟಿಸಿನ ಮೇಲೆ."

"ಬಾಧೆ ಏನು ಅಂತ ಬರೀಲಿ? ಊರಿನವರು ಬ್ರೆಡ್ಡು ಅಂತಾರೆ. ನಿಂಗೆ ಬ್ರೆಡ್ಡಿನ ಕೊರತೆ ಇಲ್ಲವಲ್ಲ."

ಅವಳು ಬಾಯಿ ತೆರೆದಳು. ಭಟ್ಟಿ, ಜ್ವರ, ಮೂಗು ಅರಳಿಸಿ ನಿಂತಿದ್ದ ಹೆಂಗಸರು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಅದನ್ನೆಲ್ಲ ಬರೆಯುವುದಕ್ಕೆ ಅರ್ಜಿಯಲ್ಲಿ ಜಾಗ ಎಲ್ಲಿದೆ?

"ತಪ್ಪು ತಿಳೀಬೇಡ ಲುಕ್ರೆಜಿಯಾ," ಎಂದ ಕತಾಲ್ದೊ, ಮೆತ್ತಗೆ. "ಆ ಹೆಸರು ನಿನ್ನದಲ್ಲ. ನೀನು ಸಪೊನಾರೊ. ನಿಮ್ಮಪ್ಪ ನನಗೆ ಸೈಕಲ್ಲು ಕಲಿಸಿದ್ರು."

ಎರಡನೇ ಸಲ ಅದೇ ಮಾತು. ಬೇಕರಿಗೆ ಬಂದು ಎಂದಿನಂತೆ ಬ್ರೆಡ್ಡನ್ನು ಒಳಗೆ ತಳ್ಳಿ, ಭಟ್ಟಿಯ ಬಾಗಿಲು ಹಾಕಿ, ಸೌದೆಯ ರಾಶಿಗೆ ಒರಗಿ ನಿಂತಳು. ಎರಡು ಹೆಸರು ಅವಳ ತಲೆಯಲ್ಲಿ ಓಡಾಡುತ್ತಿದ್ದವು. ಸಪೊನಾರೊ ಅಂದರೆ ಸಾಬೂನು ಮಾಡುವವ. ಅಪ್ಪ ಸಾಬೂನು ಮಾಡಲಿಲ್ಲ, ಅಜ್ಜನೂ ಮಾಡಲಿಲ್ಲ, ತಾನೂ ಇಲ್ಲ. ಅಪ್ಪ ಪ್ರೀತಿಯಿಂದ ಕೊಟ್ಟಿದ್ದ, ಪೆಟ್ಟಿಗೆಯಲ್ಲಿಟ್ಟ ಮದುವೆ ಶಾಲಿನ ಹಾಗೆ ಅದು ಹಾಗೇ ಇತ್ತು. ಇನ್ನೊಂದು ಹೆಸರನ್ನು ಅವಳು ದಿನಾ ಉಟ್ಟು ಸವೆಸಿದ್ದಳು, ಅದಕ್ಕೆ ಯಾರೂ ಅವಳನ್ನು ಒಡತಿ ಅನ್ನಲಿಲ್ಲ. ಸಾಯುವಾಗ ಗೋಡೆಗೆ ಅಂಟಿಸುವ ಹಾಳೆಯಲ್ಲಿ ಏನು ಬರುತ್ತದೆ ಎಂದು ಯೋಚಿಸಿದಳು. ಅಲ್ಲಿ ತನ್ನ ಕೈಗಳ ವಿಷಯ ಯಾರು ಬರೆಯುತ್ತಾರೆ?

ಹೀಗೆ ಎಷ್ಟು ಹೊತ್ತು ನಿಂತಳೋ. ಕಣ್ಣು ಉರಿದಾಗ ಅಳು ಬಂತು ಎಂದುಕೊಂಡಳು. ಆಮೇಲೆ ನೋಡಿದರೆ ಅದು ಹೊಗೆ.

ಬಾಗಿಲು ಎಳೆದಾಗ ಒಳಗೆ ಸಾಲುಸಾಲಾಗಿ ಕಪ್ಪು ಬ್ರೆಡ್ಡುಗಳು ಕೂತಿದ್ದವು, ದುಃಖದ ಮನೆಯಲ್ಲಿ ಕೂತ ನೆಂಟರ ಹಾಗೆ. ಲುಕ್ರೆಜಿಯಾ ಹಲಗೆ ಹಿಡಿದು ಹಾಗೇ ನಿಂತುಬಿಟ್ಟಳು. ಅಷ್ಟರಲ್ಲಿ ಮಹಡಿಯ ಮೆಟ್ಟಿಲ ಮೇಲೆ ಕೋಲಿನ ಸದ್ದು. ಅತ್ತೆ ಇಳಿದು ಬರುತ್ತಿದ್ದಳು. ವರ್ಷಗಳಿಂದ ಯಾರಾದರೂ ಕೈ ಹಿಡಿಯದೆ ಇಳಿಯದವಳು ಒಬ್ಬಳೇ ಬರುತ್ತಿದ್ದಳು, ಅದೂ ಅವಸರದಲ್ಲಿ.

"ಸುಟ್ಟೆಯಾ?" ಎಂದಳು ಪಾಲ್ಮಾ.

"ಸುಟ್ಟೆ, ಅತ್ತೆ."

"ಪೂರ್ತಿ?"

"ಪೂರ್ತಿ."

"ದೇವರಿಗೆ ಕಣ್ಣಿದೆ," ಎಂದು ಮುದುಕಿ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ಇನ್ನು ನಾನು ಸತ್ತರೂ ಚಿಂತೆಯಿಲ್ಲ. ಎಷ್ಟು ಕಾಯಿಸಿದೆಯೇ ನನ್ನ."

ಅತ್ತೆಗೆ ಅರುಳುಮರುಳಾಯಿತು ಎಂದುಕೊಂಡಳು ಲುಕ್ರೆಜಿಯಾ. ಪಾಲ್ಮಾ ಕೋಲಿನಿಂದ ಎದುರಿನ ಮೂಟೆಯನ್ನು ತೋರಿಸಿದಳು. "ಕೂತ್ಕೊ. ಈ ಮನೆ ಸೊಸೆ ಮೊದಲನೇ ಸಲ ಬ್ರೆಡ್ಡು ಸುಟ್ಟ ದಿನ ಅತ್ತೆ ಆದವಳು ಅವಳಿಗೊಂದು ಕಥೆ ಹೇಳಬೇಕು. ನಂಗೆ ನಮ್ಮತ್ತೆ ಹೇಳಿದ್ರು. ನಾನು ಮದುವೆಯಾದ ವಾರಕ್ಕೇ ಸುಟ್ಟಿದ್ದೆ. ನೀನು ನೋಡಿದ್ರೆ ಸುಡೋದೇ ಇಲ್ಲ ಅಂತೀಯ. ಎರಡು ಸಲ ನಾನೇ ಕದ್ದು ಬಂದು ಭಟ್ಟಿಗೆ ಸೌದೆ ಜಾಸ್ತಿ ತುರುಕಿದೆ. ಒಂದು ಸಲ ಪಾದ್ರಿ ಕರೀತಿದಾರೆ ಅಂತ ಸುಳ್ಳು ಹೇಳಿ ನಿನ್ನ ಚರ್ಚಿಗೆ ಕಳಿಸಿದೆ. ಅರ್ಧ ದಾರಿಯಿಂದ ಓಡಿ ಬಂದು ಬ್ರೆಡ್ಡು ತೆಗೆದುಬಿಟ್ಟೆ, ಹಾಳಾದವಳು."

"ಸುಮ್ನೆ ಹೇಳಬಹುದಿತ್ತಲ್ಲ ಅತ್ತೆ."

"ಸುಡದವಳಿಗೆ ಹೇಳಿದ್ರೆ ಏನು ಅರ್ಥ ಆಗುತ್ತೆ?"

ಪಾಲ್ಮಾಳ ಕಥೆಯಲ್ಲಿ ಸೈನಿಕರೂ ಇರಲಿಲ್ಲ, ಗಿರಣಿಯವನ ಹೆಂಡತಿಯೂ ಇರಲಿಲ್ಲ.

"ಭಟ್ಟಿಯವನು ಅಲ್ಲಿ ಇರಲೇ ಇಲ್ಲ," ಎಂದಳು ಅವಳು. "ಅವನು ಹೆಂಡದಂಗಡೀಲಿ ಇಸ್ಪೀಟು ಆಡ್ತಿದ್ದ, ಯಾವಾಗಲೂ ಹಾಗೆ. ಭಟ್ಟಿ ನೋಡ್ಕೊಳ್ತಿದ್ದವಳು ಹೆಂಡತಿ. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಸೊಂಟದಲ್ಲೊಂದು ಮಗು, ಕಾಲಿಗೆ ಸುತ್ತಿಕೊಂಡು ನಾಲ್ಕು, ಹೊಟ್ಟೇಲೊಂದು. ಊರಿನ ಹಬ್ಬದ ಹಿಟ್ಟೆಲ್ಲ ಬಂದು ಬಿದ್ದಿತ್ತು. ಎಲ್ಲ ಒಳಗೆ ತಳ್ಳಿ ಬಾಗಿಲು ಹಾಕಿದಳು. ಮಕ್ಕಳು ಅದೇನೋ ಪುಣ್ಯ, ಎಲ್ಲ ಒಟ್ಟಿಗೆ ಮಲಗಿದ್ವು. ಹಿಂದಿನ ಗೋಡೆ ಹತ್ರ ಹೋದಳು. ಬಿಸಿಲಿತ್ತು. ಕೂತಳು."

"ಆಮೇಲೆ?"

"ಆಮೇಲೇನು, ಕೂತಳು. ಹೊಗೆ ಎದ್ದು ಊರೆಲ್ಲ ಓಡಿ ಬಂದಾಗ ಇನ್ನೂ ಕೂತೇ ಇದ್ದಳಂತೆ. ನಿಂಗೆ ವಾಸನೆ ಬರಲಿಲ್ವೇನೇ ಅಂತ ಕೇಳಿದ್ರು. ಬಂತು, ಅಂದಳಂತೆ. ಬಂತು, ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೊಳ್ಳೋಣ ಅನ್ನಿಸ್ತು, ಅಂದಳಂತೆ."

ಭಟ್ಟಿಯೊಳಗೆ ಏನೋ ಚಟ್ ಎಂದಿತು. ಲುಕ್ರೆಜಿಯಾಳಿಗೆ ಮೊದಲು ನಗು ಬಂತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಅತ್ತೆಯೂ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು. ನಕ್ಕು ನಕ್ಕು ನಿಂತ ಮೇಲೆ ಎದೆಯಲ್ಲಿ ಬೇರೇನೋ ಉಳಿಯಿತು. ಒಂದು ಬ್ರೆಡ್ಡೂ ಸುಡದ ಇಷ್ಟು ವರ್ಷಗಳ ಹೆಮ್ಮೆಯನ್ನು ತಿರುಗಿಸಿ ನೋಡಿದರೆ, ಅಷ್ಟು ವರ್ಷಗಳಲ್ಲಿ ತಾನು ಒಂದು ಸಲವೂ ಸುಮ್ಮನೆ ಕೂತಿರಲಿಲ್ಲ.

"ಹೆಸರು ಮಾತ್ರ ಗಂಡನಿಗೆ ಹೋಯ್ತು," ಎಂದಳು ಪಾಲ್ಮಾ. "ತಪ್ಪು ಹೆಂಗಸು ಮಾಡಿದ್ರೂ ಹೆಸರು ಗಂಡಸಿಗೇ. ಒಳ್ಳೇದು ಮಾಡಿದ್ರಂತೂ ಕೇಳೋದೇ ಬೇಡ. ಅವಳ ಮಕ್ಕಳಿಗೆ ನಾಚಿಕೆ ಆಯ್ತು, ಸೈನಿಕರನ್ನ ತಂದ್ರು. ಯಾವ ಸೈನಿಕ ಬ್ರೆಡ್ಡಿಗಾಗಿ ಈ ಗುಡ್ಡ ಹತ್ತುತ್ತಾನೆ? ಹತ್ತೋ ಹೊತ್ತಿಗೆ ಹಸಿವಿಗೇ ಸತ್ತಿರ್ತಾನೆ."

ವಿತಾಂತೋನಿಯೊ ಬಂದು ಕಪ್ಪು ಬ್ರೆಡ್ಡುಗಳನ್ನೂ, ಮೂಟೆಗಳ ಮೇಲೆ ಕಣ್ಣೊರೆಸಿಕೊಳ್ಳುತ್ತ ಕೂತ ಇಬ್ಬರು ಹೆಂಗಸರನ್ನೂ ನೋಡಿದ. ಯಾರೋ ಸತ್ತರು ಎಂದು ಅವನಿಗೆ ಮೊದಲು ಅನಿಸಿತು. ವಿಷಯ ತಿಳಿದ ಮೇಲೆ ಸಿಟ್ಟು ಬಂತು.

"ನೋಡಿದ್ಯಾ? ಇದಕ್ಕೇ ಹೇಳೋದು ಆ ಹೆಸರು ಹೋಗಬೇಕು ಅಂತ. ಶನಿ ಹಿಡಿದ ಹೆಸರು."

ಲುಕ್ರೆಜಿಯಾ ಅವನಿಗೆ ಕಥೆ ಹೇಳಿದಳು. ಸೊಸೆಯಂದಿರ ಕಥೆ ಗಂಡಸಿನ ಕಿವಿಗೆ ಬಿದ್ದದ್ದು ಅದೇ ಮೊದಲು. ಪಾಲ್ಮಾ ಕೋಲಿನ ಮೇಲೆ ಗಲ್ಲವಿಟ್ಟು, ತಡೆಯದೆ, ಮಗನ ಮುಖವನ್ನೇ ನೋಡುತ್ತಿದ್ದಳು.

"ಅಂದ್ರೆ ಯಾವಳೋ ಒಬ್ಬಳು ಕೆಲಸ ಬಿಟ್ಟು ಬಿಸಿಲು ಕಾಯಿಸ್ಕೊಂಡಿದ್ದಕ್ಕೆ ನನ್ನ ವಂಶಕ್ಕೆ ಈ ಹೆಸರು?"

"ಯಾವಳೋ ಅಲ್ಲ. ನಿಮ್ಮಜ್ಜಿ."

"ಸೈನಿಕರ ಕಥೆ ನಾನು ಸಂಘದಲ್ಲೆಲ್ಲ ಹೇಳಿದೀನಲ್ಲ ಲುಕ್ರೆ," ಎಂದ ಅವನು, ಈ ಸಲ ಸಿಟ್ಟಿಗಿಂತ ಗಾಬರಿಯೇ ಹೆಚ್ಚಾಗಿ. "ಹಾಗಿದ್ರೆ ಹೆಸರು ಹೋಗೋದೇ ಒಳ್ಳೇದು. ಇನ್ನೂ ಒಳ್ಳೇದು."

ಮಾರನೆಯ ದಿನ ಲುಕ್ರೆಜಿಯಾ ಮತ್ತೆ ಕತಾಲ್ದೊನ ಮುಂದೆ ನಿಂತಳು. ಅವನು ಹಿಂದಿನ ದಿನದ ಸುಟ್ಟ ಬ್ರೆಡ್ಡಿಗೆ ಆಲಿವ್ ಎಣ್ಣೆ ಸುರಿದುಕೊಂಡು ತಿನ್ನುತ್ತಿದ್ದ. ಗುಡ್ಡದ ಮೇಲೆ ಬೇರೆ ಬೇಕರಿ ಇರಲಿಲ್ಲವಾಗಿ ಊರು ಅದನ್ನೇ ಕೊಂಡು, ಬೈದು, ತಿಂದು, ಚೆನ್ನಾಗಿದೆ ಎಂದು ಒಪ್ಪಿಕೊಂಡಿತ್ತು.

"ಬಾಧೆ ಏನು ಅಂತ ಕೇಳಿದ್ಯಲ್ಲ, ಬರ್ಕೊ," ಎಂದಳು. ಅವಳು ಹೇಳುತ್ತ ಹೋದಳು. "ಆ ಹೆಸರನ್ನ ಸಂಪಾದಿಸಿದವಳು ಮನೆಗೆ ಬಂದ ಸೊಸೆ. ಆಮೇಲೆ ಅದನ್ನ ಕಾದವರೂ ಸೊಸೆಯರೇ. ಹುಟ್ಟಿನಿಂದ ಪಡೆದವರು ಬರೀ ಹಾಕ್ಕೊಂಡು ತಿರುಗಿದಾರೆ. ವಿತಾಂತೋನಿಯೊಗೆ ಬೇಡದಿದ್ರೆ ಬಿಡಲಿ. ನಾನು ಬಿಡಲ್ಲ."

ಕತಾಲ್ದೊ ಅಗಿಯುವುದನ್ನು ನಿಲ್ಲಿಸಿದ. ಅವನಿಗೆ ನ್ಯಾಯಕ್ಕಿಂತ ಸುದ್ದಿಯ ಮೇಲೆ ಪ್ರೀತಿ ಹೆಚ್ಚು. ಇಂಥ ಸುದ್ದಿ ಅರ್ಜಿಯಾಗದೆ ವಾಪಸು ಹೋಗುವುದನ್ನು ಅವನ ಮನಸ್ಸು ಒಪ್ಪಲಿಲ್ಲ. ಕಪಾಟಿನಿಂದ ಕಾನೂನಿನ ದಪ್ಪ ಪುಸ್ತಕ ಇಳಿಸಿ, ಎಣ್ಣೆಯ ಬೆರಳಿನಿಂದಲೇ ಮದುವೆಯ ಅಧ್ಯಾಯವನ್ನು ತಿರುವಿದ. ಒಂದು ಕಡೆ ಬೆರಳು ನಿಂತಿತು.

"ಇಲ್ನೋಡು," ಎಂದ, ದನಿ ತಗ್ಗಿಸಿ. "ಹೆಂಡತಿ ತನ್ನ ಮನೆಹೆಸರಿಗೆ ಗಂಡನ ಮನೆಹೆಸರನ್ನ ಸೇರಿಸಿಕೊಳ್ಳುತ್ತಾಳೆ. ಹಾಗಂತ ಬರ್ದಿದೆ. ಯಾರೂ ಸೇರಿಸಲ್ಲ. ನಮ್ಮವ್ವ ಸೇರಿಸಲಿಲ್ಲ, ನನ್ನ ಹೆಂಡತಿ ಸೇರಿಸಲಿಲ್ಲ, ಇಷ್ಟು ವರ್ಷ ಈ ಕುರ್ಚೀಲಿ ಕೂತು ನಾನೂ ನೋಡಿರಲಿಲ್ಲ. ಮದುವೆಯಾದ ದಿನದಿಂದ ಅದು ನಿನ್ನದೇ ಕಣೆ. ನೀನು ತಗೊಂಡಿಲ್ಲ ಅಷ್ಟೇ."

ಆಕ್ಷೇಪಣೆ ದಾಖಲಾಯಿತು. ಸಂಜೆಯ ಹೊತ್ತಿಗೆ ಕಾಫಿ ಬಾರಿನಲ್ಲಿ ಇಸ್ಪೀಟಿನ ಮೇಜುಗಳೆಲ್ಲ ಆಟ ನಿಲ್ಲಿಸಿ ಲೆಕ್ಕ ಹಾಕುತ್ತಿದ್ದವು. ಬೇಕರಿ ಬ್ರುಚಾಪಾನೆಯದು. ಬ್ರುಚಾಪಾನೆ ಇನ್ನು ಮೇಲೆ ಲುಕ್ರೆಜಿಯಾ. ಹಾಗಾದರೆ ಅಲ್ಲಿ ಉಂಡು ಮಲಗುವ ಪಾನೆದೋರೊ ಎಂಬುವವನು ಯಾರು?

"ಮನೆಅಳಿಯ," ಎಂದ ಒಬ್ಬ ಮುದುಕ, ಕೈಯ ಎಲೆಗಳನ್ನು ಕೆಳಗಿಟ್ಟು.

"ಬನ್ನಿ ಅಳಿಯಂದ್ರೆ," ಎಂದು ವಿತಾಂತೋನಿಯೊನನ್ನು ಬಾಗಿಲಲ್ಲೇ ಎದುರುಗೊಂಡರು. "ಹೊಸ ಮನೆ ಹಿಡಿಸ್ತಾ? ಬ್ರುಚಾಪಾನೆ ಅಮ್ಮನೋರು ಚೆನ್ನಾಗಿ ನೋಡ್ಕೊಳ್ತಾರಾ?"

ವಿತಾಂತೋನಿಯೊ ಕಾಫಿ ಕುಡಿಯದೆ ಮನೆಗೆ ಬಂದ. ಎರಡು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಉಪ್ಪು ಬೇಕಾದರೆ ತಾಯಿಯನ್ನು ಕೇಳುತ್ತಿದ್ದ. ಪಾಲ್ಮಾಗೆ ಆ ಎರಡು ದಿನ ಕಿವಿ ಕೇಳಿಸಲಿಲ್ಲವಾಗಿ ಸಪ್ಪೆ ಊಟವನ್ನೇ ಮಾಡಿದ. ಆಮೇಲೆ ಒಳ್ಳೆಯ ಸೂಟು ಹಾಕಿಕೊಂಡು ಸಂಘದ ಚುನಾವಣೆಗೆ ಹೋದ.

ಅವನು ಹೋದ ಮೇಲೆ ಲುಕ್ರೆಜಿಯಾಳಿಗೆ ಬೇಕರಿ ದೊಡ್ಡದಾಗಿ ಕಂಡಿತು. ಅವನ ಮೇಷ್ಟ್ರು ಹಾಜರಿ ಕೂಗಿ ನಿಲ್ಲಿಸುತ್ತಿದ್ದ ಆ ಗಳಿಗೆ ಮತ್ತೆ ಮತ್ತೆ ನೆನಪಾಯಿತು. ಅವನಿಗೆ ಆ ಹೆಸರು ನಗು, ನನಗೆ ದುಡಿಮೆ, ಅಂದುಕೊಂಡಳು. ಅವನು ಗೆದ್ದು ಬರಲಿ ಎಂದು ಹಾರೈಸಿದಳು. ಗೆದ್ದರೆ ಅವನು ಹೊಸ ಹೆಸರನ್ನು ಬಿಡುವುದಿಲ್ಲ, ತಾನು ಸೋತ ಹಾಗೆ ಎಂಬುದೂ ಗೊತ್ತಿತ್ತು. ಅವನ ಗೆಲುವನ್ನೂ ತನ್ನ ಗೆಲುವನ್ನೂ ಒಟ್ಟಿಗೆ ಹಾರೈಸುವುದು ಹೆಂಡತಿಯಾದವಳಿಗೆ ಕಷ್ಟವೇನಲ್ಲ.

ಅವನು ಹಿಂದಿರುಗಿದಾಗ ಅವಳು ಭಟ್ಟಿಯಿಂದ ಬ್ರೆಡ್ಡು ಎಳೆಯುತ್ತಿದ್ದಳು. ಅವನು ಕೋಟು ತೆಗೆದು, ಹಿಟ್ಟಿನ ಮೂಟೆಯ ಮೇಲೆ ಕೂತ. ಗಲ್ಲಾದ ಹಿಂದಿನ ಕುರ್ಚಿ ಬಿಟ್ಟು ಬೇಕರಿಯಲ್ಲಿ ಬೇರೆಲ್ಲೂ ಅವನು ಎಂದೂ ಕೂತವನಲ್ಲ.

"ಪೊಕೊಫರೀನಾನ ಆರಿಸಿದ್ರು," ಎಂದ.

"ಯಾರು?"

"ಪೊಕೊಫರೀನಾ. ಆ ಕಡೆ ಕಣಿವೆಯವನು." ಪೊಕೊಫರೀನಾ ಎಂದರೆ ಕಡಿಮೆ ಹಿಟ್ಟು. "ಕಡಿಮೆ ಹಿಟ್ಟು ಅನ್ನೋನನ್ನ ಬೇಕರಿಯವರ ಅಧ್ಯಕ್ಷನ್ನ ಮಾಡಿದಾರೆ. ಒಬ್ಬರೂ ನಗಲಿಲ್ಲ. ಲತ್ತಾರೂಲೊನೂ ನಗಲಿಲ್ಲ, ಅವನೂ ಸೋತಿದ್ದ."

ಲುಕ್ರೆಜಿಯಾ ಮುಖವನ್ನು ಭಟ್ಟಿಯ ಕಡೆಗೆ ತಿರುಗಿಸಿಕೊಂಡಳು.

"ನಗು, ನಗು. ನಾನೇ ಹೋಗಿ ಕೇಳಿದೆ, ಅಲ್ಲಯ್ಯ, ಈ ಹೆಸರಿಂದ ನಿಂಗೆ ತೊಂದರೆ ಆಗಲಿಲ್ವಾ ಅಂತ. ತೊಂದರೆ ಏನು ಬಂತು, ಅಂದ. ತೂಕ ಕಡಿಮೆ ಇರುತ್ತಾ ನೋಡೋಣ ಅಂತ ಪರ ಊರಿಂದೆಲ್ಲ ಬರ್ತಾರೆ, ತೂಕ ಸರಿಯಾಗಿದ್ರೆ ನಾಚಿಕೆಗೆ ಎರಡು ಜಾಸ್ತಿನೇ ಕೊಳ್ತಾರೆ, ಅಂದ." ಅವನು ಬಗ್ಗಿ ಬೂಟಿನ ಲೇಸು ಬಿಚ್ಚಿದ. ಆಮೇಲೆ ತಲೆಯೆತ್ತದೆ ಕೇಳಿದ: "ಲುಕ್ರೆ, ಆ ಹೆಂಗಸು... ಅಷ್ಟು ಹೊತ್ತು ಅಲ್ಲಿ ಕೂತು ಏನು ಮಾಡ್ತಿದ್ಲು?"

"ಏನೂ ಮಾಡ್ತಿರಲಿಲ್ಲ."

"ಏನಾದ್ರೂ ಯೋಚನೆ ಮಾಡ್ತಿದ್ದಿರಬೇಕು."

"ಇಲ್ಲ."

"ಸುಮ್ನೆ?"

"ಸುಮ್ನೆ."

ಅವನು ಇದನ್ನು ಅರ್ಥ ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಿಸುವುದು ಅವಳಿಗೆ ಕಾಣಿಸಿತು. ಅರ್ಥವಾಗಲಿಲ್ಲ ಎಂಬುದೂ ಕಾಣಿಸಿತು. ಆದರೂ ಅವನು ಕೇಳಿದ್ದನಲ್ಲ. ಆ ವಂಶದಲ್ಲಿ ಹಾಗೆ ಕೇಳಿದ ಗಂಡಸು ಅವನೇ ಮೊದಲಿನವನಿರಬೇಕು.

"ನಾ ನಾಳೆ ಅರ್ಜಿ ವಾಪಸು ತಗೋತೀನಿ," ಎಂದ. "ನಿನ್ನ ಆಕ್ಷೇಪಣೆಗೆ ಹೆದರಿ ಅಲ್ಲ."

"ಮತ್ತೆ?"

"ಈ ವಯಸ್ಸಲ್ಲಿ ಮನೆಅಳಿಯ ಆಗಕ್ಕೆ ನನ್ನ ಕೈಲಾಗಲ್ಲ."

ಇಬ್ಬರೂ ಒಟ್ಟಿಗೇ ಹೋದರು. ಕತಾಲ್ದೊ ಮುಖ ಸಣ್ಣಗೆ ಮಾಡಿಕೊಂಡು, ಮುಗಿಯಬಾರದ ನಾಟಕ ಮುಗಿದವನಂತೆ, ಕಾಗದಗಳನ್ನು ಮುಂದಿಟ್ಟ. ವಿತಾಂತೋನಿಯೊ ತನ್ನದಕ್ಕೆ ಸಹಿ ಹಾಕಿದ. ಆಕ್ಷೇಪಣೆ ಮುಕ್ತಾಯವಾಯಿತೆಂದು ಲುಕ್ರೆಜಿಯಾಳೂ ಅದೇ ಹಾಳೆಯಲ್ಲಿ, ಪಕ್ಕದ ಗೆರೆಯ ಮೇಲೆ, ಹಾಕಬೇಕಿತ್ತು.

"ಹೇಗೆ ಹಾಕ್ತೀಯ?" ಎಂದು ಕೇಳಿದ ಕತಾಲ್ದೊ, ಸ್ವಲ್ಪ ಆಸೆಯಿಂದ.

ಅವಳು ಪೆನ್ನು ತೆಗೆದುಕೊಂಡು, ಶಾಲೆಯಲ್ಲಿ ಬರೆಯುತ್ತಿದ್ದ ದುಂಡು ಅಕ್ಷರಗಳಲ್ಲಿ, ಲುಕ್ರೆಜಿಯಾ ಸಪೊನಾರೊ ಬ್ರುಚಾಪಾನೆ ಎಂದು ಪೂರ್ತಿ ಬರೆದಳು. ಸಹಿಗೆಂದು ಬಿಟ್ಟ ಗೆರೆ ಸಪೊನಾರೊ ಮುಗಿಯುವಷ್ಟರಲ್ಲೇ ತೀರಿತ್ತು. ಉಳಿದದ್ದು ಅಂಚನ್ನು ದಾಟಿ, ಗಂಡನ ಸಹಿಯ ಮೇಲೆ ಹಾದು, ಪುರಸಭೆಯ ಮೊಹರಿನ ತನಕ ಹೋಯಿತು.

"ಇಷ್ಟುದ್ದ ಹೆಸರಿಗೆ ನಮ್ಮಲ್ಲಿ ಕಾಗದ ಇಲ್ಲಮ್ಮ," ಎಂದು ಗೊಣಗಿದ ಕತಾಲ್ದೊ.

ವಿತಾಂತೋನಿಯೊ ಬಗ್ಗಿ ನೋಡಿದ. "ಸಪೊನಾರೊ ಯಾಕೆ ಮುಂದೆ?"

"ಅದು ನನ್ನ ಜೊತೆ ಮೊದಲು ಬಂದಿದ್ದು," ಎಂದಳು ಲುಕ್ರೆಜಿಯಾ. "ನೀನು ಆಮೇಲೆ ಬಂದಿದ್ದು."